ಸೋಮವಾರದ ಕತ್ತರಿ

ಕೆಲಸ ಸುಲಭದ್ದೇ. ಸೋಮವಾರ ಬೆಳಿಗ್ಗೆ ಏಳಕ್ಕೆ,
ಮಕ್ಕಳು ಬರುವ ಮುಂಚೆ,
ಗುಲಾಬಿ ಸವರುವ ಕತ್ತರಿ ಹಿಡಿದು
ಶಾಲೆಯ ಬೇಲಿಯುದ್ದಕ್ಕೂ ನಡೆಯಬೇಕು.
ನೂರಾ ಹನ್ನೆರಡು ಸರಳು. ಎಣಿಸಿದ್ದೇನೆ.

ಚಿನ್ನ ಮುಗಿದು ನೂರು ವರ್ಷವಾದ ಈ ವಿಕ್ಟೋರಿಯಾದ ಊರಲ್ಲಿ
ವಾರವಿಡೀ ಯಾರ್ಯಾರೋ ಬಂದು ಕಟ್ಟಿಹೋಗಿರುತ್ತಾರೆ:
ಕೆಂಪು, ನೀಲಿ, ಕೇಕಿನ ಡಬ್ಬಿಯಿಂದ ಬಿಚ್ಚಿದ ಜರತಾರಿ,
ಯಾವುದೋ ಕುದುರೆ ಗೆದ್ದ ಬಹುಮಾನದ ಪಟ್ಟಿ,
ರಿಬ್ಬನ್ ಕೊಳ್ಳುವಷ್ಟು ತಡೆಯಲಾಗದವರ
ಹಸಿರು ಉಣ್ಣೆ ದಾರ.
ಒಂದರ ಮೇಲೂ ಹೆಸರಿಲ್ಲ.
ಹೆಸರು ಬರೆದರೆ ವಕೀಲರು ಬರುತ್ತಾರೆ.

‘ಬೇಲಿ ಚೊಕ್ಕಟವಾಗಿರಲಿ, ಲೆಸ್ಲಿ’ ಎಂದರು ಫಾದರ್,
ನನ್ನ ಮುಖ ಬಿಟ್ಟು
ಕ್ಯಾಮೆಲಿಯಾ ಗಿಡದ ಮುಖ ನೋಡುತ್ತ.
ಆಗಲಿ ಎಂದೆ.
ಸಂಬಳ ಅವರದು, ಕತ್ತರಿಯೂ ಅವರದೇ.

ಗಂಟು ನೋಡಿದರೆ ಕೈ ಗೊತ್ತಾಗುತ್ತದೆ.
ತಾಯಂದಿರದು ಚಿಟ್ಟೆಗಂಟು, ರೆಕ್ಕೆ ಎರಡೂ ಸಮ.
ನಡುಗುವ ಕೈಯವರದು ಸಡಿಲ,
ಒಮ್ಮೆ ಜಗ್ಗಿದರೆ ಸಾಕು, ತಾನೇ ಬಿಚ್ಚಿಕೊಳ್ಳುತ್ತದೆ.
ಕೆಲವರು ಗಂಟಿನ ಮೇಲೆ ಗಂಟು, ಅದರ ಮೇಲೆ ಇನ್ನೊಂದು
ಹಲ್ಲು ಕಚ್ಚಿ ಬಿಗಿದಿರುತ್ತಾರೆ.
ಇವರೇ ಒಂದು ಕಾಲಕ್ಕೆ ಈ ಬೇಲಿಯ ಒಳಗಡೆ
ಬೂದು ಚಡ್ಡಿಯಲ್ಲಿ ಸಾಲಾಗಿ ನಿಂತವರು.

ಕತ್ತರಿಸಿದ್ದು ಬುಟ್ಟಿಗೆ ಬಿದ್ದರೆ ಸದ್ದೇ ಇಲ್ಲ.
ಅದಕ್ಕಿನ್ನೂ ಒಗ್ಗಿಲ್ಲ ನಾನು.

ಐವತ್ತೇಳನೇ ಸರಳಿಗೆ
ಪ್ರತಿ ವಾರವೂ ಒಂದು ಬಿಳಿ ಬೂಟಿನ ಲೇಸು.
ವಕ್ರ ಗಂಟು, ಎಡಗೈಯದು.
ಹಾಗೆ ಕಟ್ಟುತ್ತಿದ್ದವನು ನನ್ನ ತಮ್ಮ ಟೆರೆನ್ಸ್.
ಹನ್ನೊಂದಕ್ಕೆ ಮಾತು ಕಡಿಮೆ ಮಾಡಿದ.
ಇಪ್ಪತ್ತಾರಕ್ಕೆ, ಕೆರೆಯ ದಂಡೆಯಲ್ಲಿ
ಬೂಟು ಜೋಡಿಸಿಟ್ಟು ಹೋದ,
ಒಳಗೆ ಕಾಲುಚೀಲ ಮಡಚಿ.

ಈಗ ಕಟ್ಟುವವನು ನಾನೇ.
ಭಾನುವಾರ ರಾತ್ರಿ, ಎರಡನೇ ಗ್ಲಾಸಿನ ನಂತರ,
ಬಾರದ ಎಡಗೈಯಲ್ಲಿ.
ಬೆಳಗಾದರೆ ಕತ್ತರಿಸುವವನೂ ನಾನೇ.
ಎಲ್ಲರದನ್ನೂ ಕತ್ತರಿಸಿ ನನ್ನದೊಂದನ್ನು ಉಳಿಸಿದರೆ
ಅವನು ಒಪ್ಪುತ್ತಿರಲಿಲ್ಲ;
ಮಿಠಾಯಿ ಹಂಚುವಾಗಲೂ ಹಾಗೆಯೇ ಇದ್ದ.

ಬುಟ್ಟಿಯನ್ನು ಕಸದ ತೊಟ್ಟಿಗೆ ಸುರಿಯಬೇಕೆಂದು ಅಪ್ಪಣೆ.
ಶೆಡ್ಡಿನ ಹಿಂದೆ ಇಡುತ್ತೇನೆ, ಮುಚ್ಚಳ ಹಾಕದೆ.
ಆಗಸ್ಟ್ ಬಂತೆಂದರೆ ಮ್ಯಾಗ್‌ಪೈ ಹಕ್ಕಿಗಳಿಗೆ ಬಿಡುವಿಲ್ಲ:
ಒಂದೊಂದೇ ಎಳೆ ಎಳೆದು
ಪಾದ್ರಿಗಳ ಮನೆಯ ಮೇಲೆ ಬಾಗಿದ ನೀಲಗಿರಿ ಮರಕ್ಕೆ ಒಯ್ಯುತ್ತವೆ.
ಮೊನ್ನೆ ಫಾದರ್ ಕಾಫಿ ಹಿಡಿದು ಅಂಗಳಕ್ಕೆ ಬಂದವರು
ತಲೆಯೆತ್ತಿ ಬಹಳ ಹೊತ್ತು ನಿಂತರು.
ಗೂಡಿನಿಂದ ಬಿಳಿ ಲೇಸಿನ ತುದಿ ಗಾಳಿಗೆ ಆಡುತ್ತಿತ್ತು.

ಏಣಿ ತಾ ಎಂದು ಹೇಳಿಲ್ಲ,
ಇನ್ನೂ.