ಹನ್ನೊಂದನೆಯ ಹೆಸರು

ಗೋಡೆಗೆ ಅಂಟಿಸಿದ ಹಾಳೆಯ ತುದಿಯಲ್ಲಿ
ರುಹಿನಾ, ವೇಟಿಂಗ್ ಲಿಸ್ಟ್, ಹನ್ನೊಂದು.
ಫೋಟೊ ಹೊಡೆದುಕೊಂಡಳು. ಮಾತಿಲ್ಲ.
ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟದವರೆಗೂ
ಬಸ್ಸಿನ ಕಿಟಕಿಯ ಸರಳು ಎಣಿಸುವವಳ ಹಾಗೆ ಕೂತಿದ್ದಳು.

ನಮ್ಮೂರ ಕಾಲೇಜಿನಲ್ಲಿ ಸೀಟಿದೆ.
ಶನಿವಾರದೊಳಗೆ ಎಂಟು ಸಾವಿರ,
ಕಟ್ಟಿದ್ದು ವಾಪಸ್ಸಿಲ್ಲ.
ಸೈನ್ಸ್ ಇದೆ, ಲ್ಯಾಬಿಗೆ ಬೀಗವೂ ಇದೆ.

"ಅಬ್ಬೂ, ಹತ್ತು ಜನ ಬಿಟ್ಟು ಹೋಗ್ತಾರಾ?"

ನಾನು ರೀಲರ್. ನನಗೆ ಗೊತ್ತಿರುವುದು ಗೂಡಿನ ಲೆಕ್ಕ:
ಮೊದಲ ಸುತ್ತಿನ ರೇಟು ಹಿಡಿಸದಿದ್ದರೆ
ರೈತ ತಲೆಯಾಡಿಸಿ ಎರಡನೆಯದಕ್ಕೆ ಕಾಯುತ್ತಾನೆ.
ಒಮ್ಮೊಮ್ಮೆ ನಲವತ್ತು ರೂಪಾಯಿ ಏರುತ್ತದೆ,
ಒಮ್ಮೊಮ್ಮೆ ಇಳಿಯುತ್ತದೆ.
ಇಳಿದಾಗ ಕೊಂಡವನು ನಾನೇ, ಸುಳ್ಳೇಕೆ ಹೇಳಲಿ.
ಆದರೆ ನಾಲ್ಕೈದು ದಿನ ತಡೆದರೆ
ಹುಳು ಚಿಟ್ಟೆಯಾಗಿ ಗೂಡು ತೂತು.
ಆಮೇಲೆ ನೂಲು ಬರುವುದಿಲ್ಲ.

ಇದನ್ನೆಲ್ಲ ಹೇಳಿದೆ. ಅವಳು ಕೇಳಿದಳು:
"ಅದರಿಂದ ಚಿಟ್ಟೆಗೇನು ನಷ್ಟ?"

ಕುದಿನೀರಿನ ಆವಿಯೊಳಗಿಂದ ಅವಳ ಅಮ್ಮ ನಕ್ಕಳು,
ಬಹಳ ದಿನದ ಮೇಲೆ.

ಶುಕ್ರವಾರ ನಮಾಜು ಮುಗಿಸಿ ಎಂಟು ಸಾವಿರ ಕಟ್ಟಿದೆ.
ರಸೀತಿಯನ್ನು ಅವಳು ಎರಡು ಸಲ ಓದಿ
ಮಡಿಸಿಟ್ಟಳು; ಮರುದಿನ ಒಬ್ಬಳೇ ಬಸ್ಸು ಹತ್ತಿ ಹೋಗಿ
ಅಲ್ಲಿನ ಗುಮಾಸ್ತನಿಗೆ ನನ್ನ ನಂಬರು ಬರೆಸಿ ಬಂದಳು.
ದಡ್ಡತನವಿರಬಹುದು. ಕಟ್ಟಿದವರೂ ಕಾಯಬಹುದಲ್ಲ.

ಈಗ ಫೋನು ತಕ್ಕಡಿಯ ಪಕ್ಕದಲ್ಲಿ.
ಕೈ ಬಿಸಿನೀರಿನಲ್ಲಿದ್ದರೂ ಎತ್ತುತ್ತೇನೆ.
ನಿನ್ನೆ ರಿಂಗಾಯಿತು. ಎಳೆ ಹರಿಯಿತು. ಎತ್ತಿದೆ.
ಯಾರೋ ಮೀನು ಸಾಕುವವನು,
ಸತ್ತ ಹುಳು ಎಷ್ಟಕ್ಕೆ ಕೊಡ್ತೀರಿ ಎಂದ.