ಇನ್ನೂರ ಹನ್ನೆರಡು ಗಂಟೆ

ಕುತೈಸಿಯಲ್ಲಿ ನಸುಕಿನ ನಾಲ್ಕಕ್ಕೆ
ತೋನೆ ಎಂಬ ಮಣ್ಣೊಲೆಯೊಳಗೆ ಸೊಂಟದವರೆಗೆ ಬಗ್ಗಿ
ಕಾದ ಗೋಡೆಗೆ ಹಿಟ್ಟು ಬಡಿಯುವವಳು ನಾನು, ತ್ಸಿಸಾನ.
ಮೊಣಕೈವರೆಗೆ ರೋಮವಿಲ್ಲ. ಸುಟ್ಟು ಹೋಗಿದೆ.
ಸಂಜೆ ಏಳರ ಮೇಲೆ ಇದೇ ಕೈಗೆ
ಬಿಲ್ಲು ಬೇಕು, ಲಗಾಮು ಬೇಕು,
ಯಾರದೋ ಕೋಟೆಗೆ ಲಗ್ಗೆ ಹಾಕಬೇಕು.
ವಯಸ್ಸು ಕೇಳಬೇಡಿ. ನಲವತ್ತೇಳು.

ಬಿಸ್ಕತ್ತಿನ ಡಬ್ಬಿಯಲ್ಲಿ ಎರಡು ಚಳಿಗಾಲದ ದುಡ್ಡು.
ಒಂದಕ್ಕೆ ಸಾಕು. ಎರಡಕ್ಕೆ ಸಾಲದು.

ಕನ್ಸೋಲ್ ತಗೋ, ಎಂದ ಅಂಗಡಿಯ ನುಗ್ಝಾರ್.
ಟಿವಿಗೆ ಸಿಕ್ಕಿಸು, ಗುಂಡಿ ಒತ್ತು, ಆಡು.
ಅದರ ಹೊಟ್ಟೆಯೊಳಗೆ ಏನಿದೆ ಅಂತ
ಐದು ವರ್ಷ ನೀನು ಕೇಳುವ ಹಾಗೇ ಇಲ್ಲ.

ಅದಕ್ಕೇ ಬೇಡ, ಎಂದ ಅಕ್ಕನ ಮಗ.
ಅವನ ಹೆಸರು ಬೇಕಾ, ಮಾತೆತ್ತಿದರೆ ಬೇಡ.
ಪಿಸಿಯಾದರೆ ಪಕ್ಕೆ ಬಿಚ್ಚಬಹುದು, ಚಿಕ್ಕಮ್ಮ.
ರ‍್ಯಾಮ್ ಸೇರಿಸು, ಫ್ಯಾನ್ ಬದಲಿಸು, ಕಾರ್ಡ್ ಹಳತಾಯಿತೋ
ಮಾರಿ ಇನ್ನೊಂದು ಕೂರಿಸು. ಆಟಗಳು ಅರ್ಧ ಬೆಲೆಗೆ.
ಕುದುರೆಗೆ ಕೊಂಬು ಕೂಡ ಹಚ್ಚಬಹುದು.
ಕುದುರೆಗೆ ಕೊಂಬು ಯಾಕೋ, ಎಂದೆ.
ಹಚ್ಚಬಹುದು ಅಂದೆ. ಹಚ್ಚು ಅನ್ನಲಿಲ್ಲ.

ನಾದುತ್ತ ನಾದುತ್ತ ಅಳೆದೆ, ಸುರಿದೆ.
ನನ್ನ ಗಂಡನಿಗೂ ಒಂದು ಕಾರಿತ್ತು,
ಅದನ್ನೂ ಬಿಚ್ಚಬಹುದಿತ್ತು.
ಬಿಚ್ಚಿದ್ದೇ ಬಂತು. ಸಮುದ್ರ ನೋಡಲು ಬಸ್ಸಿನಲ್ಲಿ ಹೋದೆವು.

ಅತ್ತೆ ಝುಝುನಾಗೆ ಬೇರೆಯದೇ ಚಿಂತೆ.
ಪಕ್ಕದ ಮನೆಯ ಕನ್ಸೋಲ್ ಎರವಲು ತಂದ ಆ ಒಂದು ವಾರ
ಸೋಫಾದಲ್ಲಿ ನನಗಂಟಿ ಕೂತು
ಹಿಂದೆ ತೋಳ, ಹಿಂದೆ ತೋಳ! ಎಂದು ಕಿರುಚಿದವಳು.
ಈಗ ಹೇಳುತ್ತಾಳೆ:
ನೀನು ಮೂಲೆಯ ಮೇಜಿಗೆ ಹೋದರೆ
ನನಗೆ ಕಾಣುವುದು ನಿನ್ನ ಬೆನ್ನು.
ಆಮೇಲೆ ಆ ಬೆನ್ನ ಹಿಂದಿನ ತೋಳ ನಾನೇ.

ಹೊಟ್ಟೆಗೆ ಹಿಟ್ಟಿಲ್ಲದ ಮನೆಯಲ್ಲವಪ್ಪ ನಮ್ಮದು,
ಹಿಟ್ಟು ಮೂಟೆಗಟ್ಟಲೆ ಇದೆ.
ಜುಟ್ಟಿನ ಮಲ್ಲಿಗೆಗೇ ಇಷ್ಟು ಪಂಚಾಯಿತಿ.

ಕೊನೆಗೆ ಮನೆಗೆ ಬಂದದ್ದು ಹಳೇ ಪಿಸಿ.
ಯಾರ ವಾದವೂ ಗೆದ್ದು ಅಲ್ಲ.
ಆ ಗುರುವಾರ ನುಗ್ಝಾರನ ಕಪಾಟಿನಲ್ಲಿ
ಕನ್ಸೋಲ್ ಇರಲಿಲ್ಲ, ಅಷ್ಟೇ.
ಪಕ್ಕೆ ಬಿಚ್ಚಿದೆ. ಧೂಳು, ಬೆಕ್ಕಿನ ಕೂದಲು,
ಒಂದು ಸೂರ್ಯಕಾಂತಿ ಬೀಜದ ಸಿಪ್ಪೆ.
ಸ್ವಿಚ್ ಹಾಕಿದರೆ ಒಳಗೊಂದು ಆಟ, ಆಟದೊಳಗೆ
ಯಾರೋ ಉಳಿಸಿ ಹೋದ ಸಾಲು:
ಗಿಗಾ. ಇನ್ನೂರ ಹನ್ನೆರಡು ಗಂಟೆ.

ಒತ್ತಿದೆ. ಕಲ್ಲಿನ ಸೇತುವೆ, ಸುರಿವ ಮಳೆ,
ನಟ್ಟ ನಡುವೆ ಒಬ್ಬ,
ಈ ತುದಿಗೂ ಇಲ್ಲ, ಆ ತುದಿಗೂ ಇಲ್ಲ.
ಅತ್ತೆ ಅಡುಗೆಮನೆಯ ಸ್ಟೂಲು ಎಳೆದುಕೊಂಡು ಬಂದಳು.
ಯಾರಿವನು?
ಮುಂಚೆ ಇದು ಇವನದಾಗಿತ್ತು.
ಸತ್ತನೇ?
ಇಲ್ಲಮ್ಮ, ದುಡ್ಡಿನ ಅಡಚಣೆ ಇರಬೇಕು.
ಅಷ್ಟು ಹೊತ್ತು ನಡೆದು ಬಂದವನು, ಪಾಪ, ಎಂದಳು.
ಇನ್ನೇನು ದಾಟುತ್ತಿದ್ದ.

ಅಳಿಸಿಬಿಡು, ಜಾಗ ತಿನ್ನುತ್ತದೆ, ಎಂದ ಬೇಕಾ.
ಬೇಡ, ಎಂದೆ.
ಕೆಳಗಿನ ಖಾಲಿ ಸಾಲಿನಲ್ಲಿ ನನ್ನ ಹೆಸರು ಬರೆದೆ.
ಸೊನ್ನೆ ಗಂಟೆ. ಕುದುರೆಯೂ ಇಲ್ಲ.

ಈಗ ರಾತ್ರಿ ಹತ್ತಕ್ಕೆ, ನನ್ನ ಆಟ ಮುಗಿದ ಮೇಲೆ,
ನಾಳಿನ ಹಿಟ್ಟು ಹುಳಿಯಲು ಇಟ್ಟ ಮೇಲೆ,
ಸ್ಟೂಲಿನಿಂದ ಒಂದು ಅಪ್ಪಣೆ ಬರುತ್ತದೆ.
ಅವನನ್ನು ತೆರೆಯುತ್ತೇನೆ. ಹತ್ತು ಹೆಜ್ಜೆ ನಡೆಸಿ
ಕಮಾನಿನ ಕೆಳಗೆ, ನೀರು ಬೀಳದ ಕಡೆ ನಿಲ್ಲಿಸುತ್ತೇನೆ.
ಹಾಂ, ಅಲ್ಲಿ, ಎನ್ನುತ್ತಾಳೆ ಝುಝುನಾ.
ಎದ್ದು ಮಲಗಲು ಹೋಗುತ್ತಾಳೆ.

ಆಟ ಅವನದು. ಸೇವ್ ಮಾಡದೆ ಆರಿಸುತ್ತೇನೆ.
ನಾಳೆ ಹತ್ತಕ್ಕೆ ಮತ್ತೆ ಸೇತುವೆಯ ನಡುವೆ
ನೆನೆಯುತ್ತ ನಿಂತಿರುತ್ತಾನೆ.