ಏಳನೆಯ ಬುಟ್ಟಿ

ಹಲಗೆಯ ಮೇಲೆ ಬರೆದಿದೆ: ನೂರ ಹನ್ನೆರಡು ಮೀಟರು, ಪಾರ್ ಮೂರು.
ಬರೆದವರು ಎಸೆದು ನೋಡಿದ ಹಾಗಿಲ್ಲ.
ಸರಪಳಿ ತೂಗಿದ ಕಬ್ಬಿಣದ ಬುಟ್ಟಿ ಎಲ್ಲೋ ಇದೆಯಂತೆ.
ನಿಂತಲ್ಲಿಂದ ಕಾಣುವುದು ಸ್ಪ್ರೂಸ್ ಮರ,
ಅದರ ಹಿಂದೆ ಸ್ಪ್ರೂಸ್, ಅದರ ಹೆಗಲ ಮೇಲಿಂದ ಇಣುಕುವ ಇನ್ನೊಂದು,
ನಡುವೆ ಯಾವುದೋ ಒಂದು ಕಡೆ
ನೂಲು ಪೋಣಿಸುವಷ್ಟು ಬೆಳಕು.

"ಸಂದಿ ನೋಡು. ಮರ ನೋಡಬೇಡ," ಅನ್ನುತ್ತಾನೆ ಕೌಕೊ.
ನಾನು ಮರವನ್ನೇ ನೋಡುತ್ತೇನೆ.
ಗೇಣಗಲದ ನೀಲಿ ತಟ್ಟೆಯೂ ಮರವನ್ನೇ ನೋಡುತ್ತದೆ.
ಟೊಕ್.

ಈ ಸದ್ದಿಗೆ ಕೈನೂ ಸೀಮೆಯಲ್ಲಿ ಎಲ್ಲರ ಬಾಯಿಗೂ ಬರುವುದು ಒಂದೇ ಮಾತು.
ಪಾದ್ರಿಯ ಮಗಳು ಅಂದದ್ದನ್ನೂ ಕೇಳಿದ್ದೇನೆ.
ಇಲ್ಲಿ ಬರೆಯಲಾರೆ.

"ಇಡೀ ದಿನ ಊರವರ ಹಲ್ಲಿನ ಸಂದಿ ಕೆರೆಯುವವಳು ನೀನು,
ಇಷ್ಟು ದೊಡ್ಡ ಸಂದಿ ಕಾಣಲಿಲ್ಲವೇ?"
ಅವನ ಬಾಯೊಳಗೆ ಏನೇನಿದೆಯೆಂದು ನನಗೆ ಗೊತ್ತು. ಸುಮ್ಮನಿದ್ದೆ.

ಬಗ್ಗಿ, ಮಂಡಿಯೂರಿ, ಕೊಂಬೆಗಳ ಕೆಳಗೆ ನುಸುಳಿ ಹುಡುಕುತ್ತೇನೆ.
ಅವನು ಎಸೆಯದೆ ಕಾಯುತ್ತಾನೆ, ಬೆಳಕು ಕಾಯುವುದಿಲ್ಲ,
ಅಕ್ಟೋಬರ್ ಕೊನೆಯ ನಾಲ್ಕು ಗಂಟೆ.
ಒದ್ದೆ ಪಾಚಿಯೊಳಗೆ ಒಂದು ಕಿತ್ತಳೆ ತಟ್ಟೆ ಸಿಕ್ಕಿತು, ನನ್ನದಲ್ಲ.
ಅಂಚಿನಲ್ಲಿ ನರಿಯ ಹಲ್ಲಿನ ಗುರುತು,
ಬೆನ್ನಿಗೆ ಮಾರ್ಕರಿನಲ್ಲಿ ಸಿಸ್ಕೊ ಎಂಬ ಹೆಸರು, ಫೋನ್ ನಂಬರು,
ಕೊನೆಯ ಎರಡಂಕಿ ಮಳೆಗೆ ಹೋಗಿದೆ.
ನೂರು ಸಲ ಫೋನ್ ಮಾಡಿದರೆ ಒಬ್ಬಳು ಸಿಸ್ಕೊ ಸಿಕ್ಕಾಳು.
ನನ್ನದನ್ನು ನಾನೇ ತುಳಿದುಕೊಂಡು ನಿಂತಿದ್ದೆ.

ಕೌಕೊ ಮೂವತ್ತೆಂಟು ವರ್ಷ ಹಾರ್ವೆಸ್ಟರ್ ಓಡಿಸಿದವನು.
ಬುಡ ಹಿಡಿ, ಕೊಯ್ಯಿ, ಮಲಗಿಸು, ಕೊಂಬೆ ಸವರು, ತುಂಡು ಮಾಡು:
ಒಂದು ಮರಕ್ಕೆ ನಲವತ್ತು ಸೆಕೆಂಡು.
ಲಿವರ್ ಎಳೆದೆಳೆದು ಬಲಭುಜ ಸವೆದು
ಈಗ ಎಡಗೈಯಲ್ಲಿ ಎಸೆಯುತ್ತಾನೆ.
ಬಲಗೈ ಬೆರಳು ನಿದ್ದೆಯಲ್ಲಿ ಇನ್ನೂ ಕಡಿಯುತ್ತವಂತೆ, ಐಲಾ ಹೇಳುತ್ತಾಳೆ,
ಬೆಳಿಗ್ಗೆ ಹೊದಿಕೆ ನೆಲದ ಮೇಲೆ.

ಹೋದ ಏಪ್ರಿಲ್ಲಿನಲ್ಲಿ ಕ್ಲಬ್ಬಿನ ಸಭೆ. ಹನ್ನೊಂದು ಜನ, ಎರಡು ಫ್ಲಾಸ್ಕ್ ಕಾಫಿ.
ಮೊದಲ ವಿಷಯ: ಏಳನೆಯದರ ನಟ್ಟನಡುವೆ ನಿಂತ ಆ ದೊಡ್ಡ ಮರ.
ಕಡಿಯೋಣ ಅಂದರು. ನಾನೂ ಕೈ ಎತ್ತಿದೆ.
ಕಡಿಯುವವರು ಯಾರು ಎಂಬಲ್ಲಿಗೆ ಬಂದಾಗ
ಎಲ್ಲರ ಕತ್ತೂ ಒಂದೇ ಕಡೆ ತಿರುಗಿತು.
ಕೌಕೊ ದಾಲ್ಚಿನ್ನಿ ಬನ್ನಿನ ಸುರುಳಿ ಬಿಚ್ಚುತ್ತಿದ್ದ.
"ಅದನ್ನು ತೆಗೆದರೆ ಅದರ ಹಿಂದಿನದು ಅಡ್ಡ ಬರುತ್ತದೆ," ಅಂದ.
"ಮೂವತ್ತೆಂಟು ವರ್ಷ ನೋಡಿದ್ದೇನೆ. ಯಾವಾಗಲೂ ಹಿಂದೆ ಒಂದು ಇರುತ್ತದೆ."
ಬನ್ನು ತಿಂದ. ಎರಡನೆಯದನ್ನೂ ತಿಂದ.
ಯಾರೋ ಎದ್ದು ಕಿಟಕಿ ಮುಚ್ಚಿದರು, ಮುಂದಿನ ವಿಷಯಕ್ಕೆ ಹೋದೆವು,
ಶೌಚಾಲಯದ ಬೀಗ.

ಈಗ ಅವನ ಸರದಿ.
ಓಡಿ ಬರುವುದಿಲ್ಲ, ಎರಡೇ ಹೆಜ್ಜೆ,
ತೂಕಡಿಸುವವನ ಹಾಗೆ ಒಮ್ಮೆ ವಾಲಿ ಬಿಟ್ಟ.
ತಟ್ಟೆ ಮೊದಲು ತಪ್ಪು ದಾರಿ ಹಿಡಿದಂತೆ ಹೋಗಿ
ದೊಡ್ಡ ಮರದ ಬಳಿ ಏನೋ ನೆನಪಾದಂತೆ ತಿರುಗಿ
ಬೆಣ್ಣೆಯಿಂದ ಕೂದಲು ತೆಗೆದ ಹಾಗೆ
ಆ ನೂಲಿನ ಬೆಳಕಿನೊಳಗೆ ಹೋಯಿತು.

ಕಾದೆವು.
ಟೊಕ್ ಇಲ್ಲ.
ಸರಪಳಿಯ ಸದ್ದೂ ಇಲ್ಲ.
ದೂರದ ರಸ್ತೆಯಲ್ಲಿ ಮರದ ಲಾರಿಯೊಂದು ಗೇರು ಬದಲಿಸಿತು.

ಹೋಗಿ ನೋಡೋಣ ಅಂದೆ. ಅವನಿಗೆ ಅವಸರವಿಲ್ಲ.
ದೊಡ್ಡ ಮರದ ಹತ್ತಿರ ನಿಂತ. ಎದೆಯೆತ್ತರದಲ್ಲಿ ತೊಗಟೆ ಕಿತ್ತುಹೋಗಿ
ಕೆಂಪು, ಹಳದಿ, ನನ್ನ ನೀಲಿ, ಊರವರೆಲ್ಲ ಎಸೆದ ಬಣ್ಣ ಹತ್ತಿದೆ,
ಅದರ ಮೇಲೆ ಅಂಟು ಒಸರಿದೆ.
ಹೆಬ್ಬೆರಳು ಒತ್ತಿ ಸ್ವಲ್ಪ ತೆಗೆದು, ತೋರುಬೆರಳಿಗೆ ಉಜ್ಜಿ, ಮೂಸಿ ನೋಡಿ,
ನನ್ನ ಕಡೆ ಕೈ ಚಾಚಿದ:
"ಹಚ್ಚಿಕೋ. ಎಂಟನೆಯದು ಇದಕ್ಕಿಂತ ಇಕ್ಕಟ್ಟು,
ಹಿಡಿತ ಬೇಕಾಗುತ್ತದೆ."